ಬೆಂಗಳೂರಿನ ಹೋಟೆಲುಗಳೂ ಪಂಕ್ತಿಭೇದವೂ

ಒಂದು ಊರಿನ ಚರಿತ್ರೆಯನ್ನು ಬರೆಯಹೊರಟವರು ಅದರ ಕೋಟೆ, ಕೆರೆ, ದೇವಸ್ಥಾನಗಳನ್ನೂ ಅವನ್ನು ಕಟ್ಟಿಸಿದ ಅರಸರನ್ನೂ ಮೊದಲು ನೆನೆಯುವುದು ವಾಡಿಕೆ. ಬೆಂಗಳೂರಿನ ಚರಿತ್ರೆಯೂ ಕೆಂಪೇಗೌಡನು 1537ರಲ್ಲಿ ಕಟ್ಟಿಸಿದ ಕೋಟೆಯಿಂದಲೇ ಆರಂಭವಾಗುತ್ತದೆ. ಆದರೆ ಆ ಊರಿನ ಜನ ಒಬ್ಬರೊಡನೊಬ್ಬರು ಹೇಗೆ ಬಾಳಿದರು, ಯಾರು ಯಾರ ಪಕ್ಕದಲ್ಲಿ ಕುಳಿತರು, ಯಾರು ಯಾರ ಕೈಯ ನೀರನ್ನು ಕುಡಿದರು ಎಂಬುದನ್ನು ತಿಳಿಯಬೇಕಾದರೆ ಕೋಟೆಯ ಬಾಗಿಲಿಗಿಂತ ಹೋಟೆಲಿನ ಬಾಗಿಲೇ ಹೆಚ್ಚಿನ ಸಾಕ್ಷ್ಯವನ್ನು ಒದಗಿಸೀತು. ಇಪ್ಪತ್ತನೆಯ ಶತಮಾನದಲ್ಲಿ ಆ ಊರಿನಲ್ಲಿ ಹುಟ್ಟಿ ಬೆಳೆದ ಫಲಾಹಾರ ಮಂದಿರಗಳ ವೃತ್ತಾಂತವು ನಾಲಗೆಯ ರುಚಿಗೆ ಸಂಬಂಧಪಟ್ಟಷ್ಟೇ ಪಂಕ್ತಿಯ ವಿಚಾರಕ್ಕೂ ಸಂಬಂಧಪಟ್ಟದ್ದು. ಜಾತಿಯ ಕಟ್ಟನ್ನು ಕಾಪಾಡುವ ಭರವಸೆಯನ್ನು ಕೊಟ್ಟು ಬಂದ ಒಂದು ಉದ್ಯಮವು, ತಾನು ಎಣಿಸದೆಯೇ, ಆ ಕಟ್ಟನ್ನು ಸಡಿಲಿಸಿದ ಬಗೆ ಹೇಗೆಂಬುದು ಈ ವೃತ್ತಾಂತದ ಸಾರ.

ಅನ್ನವನ್ನು ಬೆಲೆಗೆ ಮಾರುವುದು ಹಿಂದಿನವರ ದೃಷ್ಟಿಯಲ್ಲಿ ಹೀನವಾದ ಕೆಲಸವಾಗಿತ್ತು. ಅನ್ನದಾನವು ಪುಣ್ಯ, ಅನ್ನವಿಕ್ರಯವು ಪಾಪ ಎಂಬ ನಂಬಿಕೆ ಬೇರೂರಿದ್ದ ನಾಡಿನಲ್ಲಿ ದಾರಿಗರ ಹಸಿವು ಬಾಯಾರಿಕೆಗಳನ್ನು ಛತ್ರಗಳೂ ಮಠಗಳೂ ಅರವಟ್ಟಿಗೆಗಳೂ ತಣಿಸುತ್ತಿದ್ದವು. ಅವೂ ಇಲ್ಲದ ಕಡೆ ಮನೆಯಿಂದ ಕಟ್ಟಿತಂದ ಬುತ್ತಿಯೇ ಗತಿ. ಬೆಂಗಳೂರಿನ ರೈಲು ನಿಲ್ದಾಣದ ಸಮೀಪದಲ್ಲಿ ಗುಬ್ಬಿ ತೋಟದಪ್ಪನವರು ಕಟ್ಟಿಸಿ, 1903ರಲ್ಲಿ ಪ್ರಾರಂಭವಾದ ಧರ್ಮಛತ್ರವು ಈ ಹಳೆಯ ಪರಂಪರೆಯ ದೊಡ್ಡ ನಿದರ್ಶನವಾಗಿದೆ. ಓದುವುದಕ್ಕೆಂದು ಹಳ್ಳಿಯಿಂದ ಬಂದ ಬಡ ಹುಡುಗರಿಗೆ ವಾರಾನ್ನವಿತ್ತು; ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಈ ಏರ್ಪಾಟುಗಳಲ್ಲಿ ಔದಾರ್ಯಕ್ಕೆ ಕೊರತೆಯಿರಲಿಲ್ಲ. ಆದರೆ ಉಣ್ಣುವವನು ಯಾವ ಕುಲದವನು, ಬಡಿಸುವವನು ಯಾವ ಕುಲದವನು ಎಂಬುದು ಇಬ್ಬರಿಗೂ ಮೊದಲೇ ಗೊತ್ತಿರಬೇಕೆಂಬ ನಿಯಮವು ಇವಕ್ಕೆಲ್ಲ ತಳಹದಿಯಾಗಿತ್ತು. ಗುರುತಿಲ್ಲದವನ ಕೈಯ ಅನ್ನವನ್ನು ಗುರುತಿಲ್ಲದವನ ಪಕ್ಕದಲ್ಲಿ ಕುಳಿತು ಉಣ್ಣುವ ಪ್ರಸಂಗವೇ ಬರುತ್ತಿರಲಿಲ್ಲ.

ಅಂಥ ಪ್ರಸಂಗವನ್ನು ತಂದುದು ಊರಿನ ಬೆಳವಣಿಗೆ. 1809ರಲ್ಲಿ ಶ್ರೀರಂಗಪಟ್ಟಣದಿಂದ ಬ್ರಿಟಿಷ್ ಸೈನ್ಯವು ಬಂದು ನೆಲಸಿದ ಮೇಲೆ ಹಳೆಯ ಪೇಟೆಯ ಪಕ್ಕದಲ್ಲಿ ದಂಡು ಎಂಬ ಮತ್ತೊಂದು ಊರೇ ಎದ್ದಿತು. 1864ರಲ್ಲಿ ಜೋಲಾರಪೇಟೆಯ ಕಡೆಯಿಂದ ರೈಲು ಬಂದಿತು. ಕಚೇರಿಗಳು, ಕಾಲೇಜು, ಗಿರಣಿಗಳು ಒಂದೊಂದಾಗಿ ಬಂದವು. 1898ರ ಪ್ಲೇಗಿನ ಹಾವಳಿಯಲ್ಲಿ ಪೇಟೆಯ ಇಕ್ಕಟ್ಟಾದ ಬೀದಿಗಳನ್ನು ಬಿಟ್ಟು ಹೊರಟ ಜನರಿಂದ ಬಸವನಗುಡಿ, ಮಲ್ಲೇಶ್ವರ ಎಂಬ ಬಡಾವಣೆಗಳು ತುಂಬತೊಡಗಿದವು. ಸಂಸಾರವನ್ನು ಊರಿನಲ್ಲಿ ಬಿಟ್ಟು ಒಂಟಿಯಾಗಿ ಕೊಠಡಿ ಹಿಡಿದ ಗುಮಾಸ್ತರು, ಪರೀಕ್ಷೆಗೆ ಕಟ್ಟಿದ ವಿದ್ಯಾರ್ಥಿಗಳು, ಮೊಕದ್ದಮೆಗಾಗಿ ಬಂದ ರೈತರು, ಸರಕು ಕೊಳ್ಳಲು ಬಂದ ವರ್ತಕರು, ಇಷ್ಟು ಜನಕ್ಕೆ ಛತ್ರ ಸಾಲದು, ವಾರಾನ್ನ ಸಾಲದು, ಬಂಧುಗಳ ದಾಕ್ಷಿಣ್ಯವೂ ಸಾಲದು. ಕಾಸು ಕೊಟ್ಟು ಉಣ್ಣುವುದು ಅನಿವಾರ್ಯವಾಯಿತು. ಆದರೆ ಅಡುಗೆ ಮಾಡಿದವರು ಯಾರು? ಈ ಒಂದು ಪ್ರಶ್ನೆಗೆ ಸಮಾಧಾನಕರವಾದ ಉತ್ತರ ದೊರೆಯದ ಹೊರತು ಆಚಾರವಂತನಾದ ಗೃಹಸ್ಥನು ಹೋಟೆಲಿನ ಮೆಟ್ಟಿಲನ್ನು ಹತ್ತುವಂತಿರಲಿಲ್ಲ.

ಆ ಉತ್ತರವನ್ನು ತಂದವರು ಪಡುಗಡಲ ತೀರದ ಅಡುಗೆಯವರು. ಉಡುಪಿಯ ಶ್ರೀಕೃಷ್ಣ ಮಠದಲ್ಲಿ ಅಷ್ಟಮಠಗಳ ಪರ್ಯಾಯ ಪದ್ಧತಿಯು ಶತಮಾನಗಳಿಂದ ನಡೆದುಬಂದಿದೆ. ಸಾವಿರಾರು ಜನಕ್ಕೆ ಏಕಕಾಲದಲ್ಲಿ ಅಡುಗೆ ಮಾಡಿ ಬಡಿಸುವ ವಿದ್ಯೆಯು ಆ ಪ್ರಾಂತದ ಬ್ರಾಹ್ಮಣ ಕುಟುಂಬಗಳಿಗೆ ಕೈಗತವಾಗಿತ್ತು. ಹೊಲ ಚಿಕ್ಕದು, ಮನೆಯ ಮಕ್ಕಳು ಬಹಳ. ಮೇಲಾಗಿ 1923ರ ಮಹಾನೆರೆಯು ದಕ್ಷಿಣ ಕನ್ನಡದ ಬದುಕನ್ನು ಅಲ್ಲೋಲಕಲ್ಲೋಲ ಮಾಡಿತು. ಕೋಟ, ಸಾಲಿಗ್ರಾಮ, ಕುಂದಾಪುರಗಳ ಸೀಮೆಯಿಂದ ಹುಡುಗರು ಘಟ್ಟವನ್ನು ಹತ್ತಿ ಮೈಸೂರು ಸೀಮೆಗೂ, ರೈಲನ್ನೇರಿ ಮದರಾಸು ಮುಂಬಯಿಗಳಿಗೂ ಹೊರಟರು. ಮದರಾಸಿನಲ್ಲಿ 1938ರಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ತೆರೆದ ಕೆ. ಕೃಷ್ಣರಾಯರು ಉಡುಪಿಯ ಕಡೆಯವರೇ. ಬ್ರಾಹ್ಮಣನು ಮಾಡಿದ ಅಡುಗೆಯನ್ನು ಯಾವ ಕುಲದವನಾದರೂ ಶಂಕೆಯಿಲ್ಲದೆ ಉಣ್ಣಬಹುದೆಂಬುದು ಅಂದಿನ ಸಮಾಜದ ಮತವಾಗಿದ್ದುದರಿಂದ ಈ ಅಡುಗೆಯವರ ಜಾತಿಯೇ ಅವರ ಬಂಡವಾಳವಾಯಿತು. ಅನ್ನದ ಊಟಕ್ಕೆ ಇದ್ದಷ್ಟು ಬಿಗಿಯಾದ ಕಟ್ಟಳೆಯು ತಿಂಡಿಗೂ ಕಾಫಿಗೂ ಇರಲಿಲ್ಲ. ಆದಕಾರಣ ಊಟದ ಮನೆಗಿಂತ ಫಲಾಹಾರ ಮಂದಿರಕ್ಕೆ ಜನ ಬೇಗನೆ ಒಗ್ಗಿದರು.

ಅಂದಿನ ಹೋಟೆಲುಗಳ ಹೆಸರಿನ ಹಲಗೆಗಳಲ್ಲಿ ‘ಬ್ರಾಹ್ಮಣರ’ ಎಂಬ ಮಾತು ಮೆರೆಯುತ್ತಿದ್ದುದು ಈ ಕಾರಣದಿಂದಲೇ. ಒಳಗೆ ಬರುವವರು ಯಾರೆಂಬುದಕ್ಕಿಂತ ಒಲೆಯ ಮುಂದೆ ನಿಂತವರು ಯಾರೆಂಬುದನ್ನು ಆ ಹಲಗೆ ಸಾರುತ್ತಿತ್ತು. ಆದರೆ ಮಾತು ಅಲ್ಲಿಗೇ ನಿಲ್ಲುತ್ತಿರಲಿಲ್ಲ. ಅನೇಕ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಒಳಗಡೆ ಒಂದು ಪ್ರತ್ಯೇಕವಾದ ಕೋಣೆ, ಉಳಿದವರಿಗೆ ಹೊರಗಿನ ಅಂಗಳ ಎಂಬ ಏರ್ಪಾಟಿತ್ತು. ಕಾಸು ಒಂದೇ, ಕಾಫಿ ಒಂದೇ, ಕೂರುವ ಸ್ಥಳ ಮಾತ್ರ ಬೇರೆ. ಮದರಾಸು ಪ್ರಾಂತದ ರೈಲು ನಿಲ್ದಾಣಗಳ ಊಟದ ಮನೆಗಳಲ್ಲಿಯೂ ಇಂಥ ವಿಭಾಗವಿದ್ದು, ಅದರ ವಿರುದ್ಧ ಚಳವಳಿ ನಡೆದ ಮೇಲೆ 1941ರಲ್ಲಿ ಅದು ರದ್ದಾಯಿತು. ದಲಿತರಿಗಾದರೋ ಅಂಗಳವೂ ಇರಲಿಲ್ಲ. ಬಾಗಿಲಿನ ಆಚೆ ನಿಂತು, ಬೇರೆಯಾಗಿ ಇಟ್ಟ ಪಾತ್ರೆಯಲ್ಲಿ ಹೊಯ್ಸಿಕೊಂಡು ಕುಡಿಯಬೇಕಾದ ಅವಮಾನವನ್ನು ಅವರು ಎಷ್ಟೋ ಊರುಗಳಲ್ಲಿ ಬಹುಕಾಲ ಸಹಿಸಬೇಕಾಯಿತು. ಹೋಟೆಲುಗಳ ಕೀರ್ತಿಯನ್ನು ಹೇಳುವಾಗ ಈ ಅಪಕೀರ್ತಿಯನ್ನು ಮರೆಮಾಚುವುದು ನ್ಯಾಯವಲ್ಲ.

ಈ ಹಿನ್ನೆಲೆಯಲ್ಲಿ ಮಾವಳ್ಳಿಯ ಹೋಟೆಲಿನ ಕಥೆಯನ್ನು ನೋಡಬಹುದು. ಕೋಟದ ಬಳಿಯ ಪಾರಂಪಳ್ಳಿಯಿಂದ ಪರಮೇಶ್ವರ ಮಯ್ಯ, ಗಣಪ್ಪಯ್ಯ ಮಯ್ಯ, ಯಜ್ಞನಾರಾಯಣ ಮಯ್ಯ ಎಂಬ ಸೋದರರು ಬೆಂಗಳೂರಿಗೆ ಬಂದು ದೊಡ್ಡ ಮನೆಗಳಲ್ಲಿ ಅಡುಗೆಯ ಕೆಲಸಕ್ಕೆ ಸೇರಿದರು. 1924ರಲ್ಲಿ ಪರಮೇಶ್ವರ ಮಯ್ಯರು ಲಾಲ್‌ಬಾಗಿನ ರಸ್ತೆಯಲ್ಲಿ ಒಂದು ಚಿಕ್ಕ ಹೋಟೆಲನ್ನು ತೆರೆದರು. ಅದರ ಹೆಸರು ‘ಬ್ರಾಹ್ಮಿನ್ ಕಾಫಿ ಕ್ಲಬ್’. 1929ರಲ್ಲಿ ಅವರು ತೀರಿಕೊಂಡ ಮೇಲೆ ಹೋಟೆಲಿನ ಭಾರವು ತಮ್ಮಂದಿರ ಮೇಲೆ ಬಿದ್ದಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಬರ್ಮಾ ದೇಶವು ಜಪಾನಿಯರ ವಶವಾಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತುಹೋಯಿತು. ಅಕ್ಕಿಯಿಲ್ಲದೆ ಇಡ್ಲಿಯೆಲ್ಲಿ? ಗೋಧಿಯ ರವೆಯನ್ನು ಹುರಿದು ಮೊಸರಿನಲ್ಲಿ ಕಲಸಿ ಹಬೆಯಲ್ಲಿ ಬೇಯಿಸಿದ ರವೆ ಇಡ್ಲಿಯು ಆ ಅಭಾವದ ದಿನಗಳಲ್ಲಿ ಈ ಹೋಟೆಲಿನ ಅಡುಗೆಮನೆಯಲ್ಲಿ ಹುಟ್ಟಿತೆಂದು ಪ್ರತೀತಿ. ಕೊರತೆಯಲ್ಲಿ ಕಂಡುಕೊಂಡ ಈ ತಿಂಡಿಯು ಅಕ್ಕಿ ಮತ್ತೆ ಸಮೃದ್ಧವಾದ ಮೇಲೆಯೂ ಮೂಲೆಗೆ ಸೇರಲಿಲ್ಲ.

ರವೆ ಇಡ್ಲಿಗಿಂತ ಮಹತ್ತರವಾದ ಒಂದು ಮಾರ್ಪಾಟು ಅಲ್ಲಿ ಆದುದು 1951ರ ತರುವಾಯ. ಆ ವರ್ಷ ಯಜ್ಞನಾರಾಯಣ ಮಯ್ಯರು ಯೂರೋಪಿಗೆ ಹೋಗಿ ಅಲ್ಲಿಯ ಭೋಜನಶಾಲೆಗಳ ವ್ಯವಸ್ಥೆಯನ್ನು ಕಣ್ಣಾರೆ ಕಂಡುಬಂದರು. ಅಲ್ಲಿಯ ಶುಚಿತ್ವವು ಅವರ ಮನಸ್ಸನ್ನು ಸೆಳೆಯಿತು. ಹಿಂದಿರುಗಿದ ಮೇಲೆ ತಟ್ಟೆ ಲೋಟಗಳನ್ನು ಕುದಿಯುವ ನೀರಿನ ಹಬೆಯಲ್ಲಿ ಶುದ್ಧಿಮಾಡುವ ಏರ್ಪಾಟನ್ನು ಮಾಡಿದರು. ಗಿರಾಕಿಗಳು ಅಡುಗೆಮನೆಯನ್ನು ಹೊಕ್ಕು ನೋಡಬಹುದೆಂದು ಅವಕಾಶ ಕೊಟ್ಟರು. ಇದು ಎಷ್ಟು ದೊಡ್ಡ ಹೆಜ್ಜೆಯೆಂಬುದು ಮಡಿಯ ಮನೆಯಲ್ಲಿ ಬೆಳೆದವರಿಗೆ ಮಾತ್ರ ಪೂರ್ಣವಾಗಿ ಅರ್ಥವಾದೀತು. ಮಡಿಯ ಅಡುಗೆಮನೆಯು ಅನ್ಯರ ಕಾಲಿಗೆ ಮಾತ್ರವಲ್ಲದೆ ಅನ್ಯರ ಕಣ್ಣಿಗೂ ಮುಚ್ಚಿದ ಸ್ಥಳ. ಹೊರಗಿನವರ ದೃಷ್ಟಿ ಬಿದ್ದರೆ ಅನ್ನ ಕೆಟ್ಟಿತೆಂದು ನಂಬಿದ್ದ ಕುಲದ ಅಡುಗೆಯವರೇ ತಮ್ಮ ಒಲೆಯನ್ನು ಊರಿನ ಕಣ್ಣಿಗೆ ತೆರೆದಿಟ್ಟರು. ಅಡುಗೆ ನಿರ್ಮಲವಾಗಿದೆಯೆಂಬುದಕ್ಕೆ ಅಡುಗೆಯವನ ಜನ್ಮವೇ ಅಲ್ಲಿಯವರೆಗೆ ಪ್ರಮಾಣ. ಅಲ್ಲಿಂದ ಮುಂದೆ ತಿಕ್ಕಿ ತೊಳೆದ ನೆಲ, ಕುದಿಸಿದ ಪಾತ್ರೆ, ನೋಡಿದವನ ಕಣ್ಣು ಇವು ಪ್ರಮಾಣವಾದವು. ಮಡಿಯು ಹುಟ್ಟಿನಿಂದ ಬರತಕ್ಕದ್ದು. ಶುಚಿಯನ್ನು ಯಾರು ಬೇಕಾದರೂ ಸಂಪಾದಿಸಬಹುದು. 1960ರಲ್ಲಿ ಹೋಟೆಲು ಈಗಿರುವ ಕಟ್ಟಡಕ್ಕೆ ಬಂದಾಗ ಅದರ ಹೆಸರು ‘ಮಾವಳ್ಳಿ ಟಿಫಿನ್ ರೂಮ್ಸ್’ ಎಂದಾಯಿತು. ಹಲಗೆಯ ಮೇಲೆ ಕುಲದ ಹೆಸರಿದ್ದ ಸ್ಥಳದಲ್ಲಿ ಕೇರಿಯ ಹೆಸರು ಬಂದು ಕುಳಿತಿತು.

ಬಸವನಗುಡಿಯ ಗಾಂಧಿ ಬಜಾರಿನಲ್ಲಿ 1943ರಲ್ಲಿ ಆರಂಭವಾದ ಹೋಟೆಲಿಗೆ ಮೊದಲಿನಿಂದಲೂ ಕುಲದ ಹೆಸರಿರಲಿಲ್ಲ. ಸಾಲಿಗ್ರಾಮದ ಉರಾಳ ಮನೆತನದವರು ಅದಕ್ಕೆ ‘ವಿದ್ಯಾರ್ಥಿ ಭವನ’ ಎಂದು ಹೆಸರಿಟ್ಟರು. ಸುತ್ತಲಿನ ಶಾಲೆ ಕಾಲೇಜುಗಳ ಹುಡುಗರೇ ಅದರ ಮೊದಲ ಗಿರಾಕಿಗಳು. ಹಿಂದಿನ ತಲೆಮಾರಿನ ವಿದ್ಯಾರ್ಥಿಯು ವಾರಾನ್ನಕ್ಕಾಗಿ ತನ್ನ ಗೋತ್ರ ಪ್ರವರಗಳನ್ನು ಹೇಳಿಕೊಂಡು ಮನೆಯಿಂದ ಮನೆಗೆ ಹೋಗುತ್ತಿದ್ದುದನ್ನು ನೆನೆದರೆ ಈ ಹೆಸರಿನ ಬೆಲೆ ತಿಳಿಯುತ್ತದೆ. ಇಲ್ಲಿ ವಿದ್ಯಾರ್ಥಿಯೆಂಬ ಒಂದೇ ಗುರುತು ಸಾಕಾಗಿತ್ತು. 1970ರಲ್ಲಿ ಹೋಟೆಲು ಅಡಿಗ ಮನೆತನದ ಕೈಗೆ ಬಂದಿತು. ಹೊರಗೆ ಗರಿಗರಿಯಾಗಿಯೂ ಒಳಗೆ ಮೆತ್ತಗೂ ಇರುವ ದಪ್ಪನೆಯ ಮಸಾಲೆ ದೋಸೆ, ಅದರೊಡನೆ ತೆಳುವಾದ ಚಟ್ನಿ, ತೋಳಿನ ಮೇಲೆ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಬರುವ ಬಡಿಸುವವನ ಕೈಚಳಕ, ಇವು ಆ ಸ್ಥಳದ ಲಕ್ಷಣಗಳು. ಗೋಡೆಗಳ ಮೇಲೆ ಕನ್ನಡ ಸಾಹಿತಿಗಳ ಭಾವಚಿತ್ರಗಳಿವೆ. ಅವರಲ್ಲಿ ಹಲವರು ಅದೇ ಮೇಜುಗಳ ಮುಂದೆ ಕುಳಿತು ಕಾಫಿ ಕುಡಿದವರು. ಸ್ಥಳ ಸಾಲದೆ ಇದ್ದಾಗ ಗುರುತಿಲ್ಲದವರ ಜೊತೆಯಲ್ಲಿಯೇ ಮೇಜನ್ನು ಹಂಚಿಕೊಳ್ಳಬೇಕೆಂಬುದು ಅಲ್ಲಿಯ ರೂಢಿ. ಈ ರೂಢಿಯನ್ನು ಯಾವ ಸುಧಾರಕನೂ ಉಪದೇಶಿಸಲಿಲ್ಲ. ಬಾಗಿಲಿನಲ್ಲಿ ಕಾದು ನಿಂತವರ ಸಾಲೇ ಅದನ್ನು ಮಾಡಿಸಿತು. ಮಲ್ಲೇಶ್ವರದಲ್ಲಿ 1920ರ ದಶಕದಲ್ಲಿ ತೆರೆದು, ಬೆಣ್ಣೆಯ ಮಸಾಲೆ ದೋಸೆಗೆ ಹೆಸರಾಗಿ, ತರುವಾಯ ಕೈ ಬದಲಾಗಿ ‘ಶ್ರೀ ಸಾಗರ್’ ಎನಿಸಿಕೊಂಡ ‘ಸೆಂಟ್ರಲ್ ಟಿಫಿನ್ ರೂಮ್’ನಲ್ಲಿಯೂ ಇದೇ ಕ್ರಮ ಬೆಳೆಯಿತು. ಹೊಸ ಹೆಸರು ಬಂದರೂ ಜನ ಅದನ್ನು ಹಳೆಯ ಹೆಸರಿನ ಮೂರು ಇಂಗ್ಲಿಷ್ ಅಕ್ಷರಗಳಿಂದಲೇ ಕರೆಯುವುದನ್ನು ಬಿಡಲಿಲ್ಲ.

ಹೋಟೆಲಿನಲ್ಲಿ ಕುಳಿತು ತಿಂದವರ ಚರಿತ್ರೆಯಂತೆ ನಿಂತು ಬಡಿಸಿದವರ ಚರಿತ್ರೆಯೂ ಉಂಟು. ‘ಮಾಣಿ’ ಎಂಬ ಮಾತು ಕರಾವಳಿಯ ಕನ್ನಡದಲ್ಲಿ ಬ್ರಾಹ್ಮಣರ ಹುಡುಗನಿಗೆ, ವಟುವಿಗೆ, ಸಲ್ಲುತ್ತಿತ್ತು. ಘಟ್ಟದ ಮೇಲೆ ಆ ಮಾತಿಗೆ ಹೋಟೆಲಿನಲ್ಲಿ ಬಡಿಸುವವನು ಎಂಬ ಅರ್ಥವೇ ನಿಂತುಬಿಟ್ಟಿತು. ಹತ್ತು ಹನ್ನೆರಡು ವರ್ಷದ ಹುಡುಗರು ಮೇಜನ್ನು ಒರಸುವ ಕೆಲಸಕ್ಕೆ ಸೇರಿ, ಲೋಟ ತೊಳೆದು, ಬಡಿಸಲು ಕಲಿತು, ಅಡುಗೆಯ ಭಟ್ಟರ ಕೈಕೆಳಗೆ ಪಳಗಿ, ಅದೃಷ್ಟವಿದ್ದರೆ ಗಲ್ಲಾ ಪೆಟ್ಟಿಗೆಯ ಮುಂದೆ ಕೂರುತ್ತಿದ್ದರು. ರಾತ್ರಿ ಹೋಟೆಲಿನ ಮೇಜುಗಳ ಮೇಲೆಯೇ ಮಲಗುವುದು, ನಾಲ್ಕು ಗಂಟೆಗೆ ಏಳುವುದು. ಉಪನಯನದಲ್ಲಿ ಭಿಕ್ಷಾಪಾತ್ರೆಯನ್ನು ಹಿಡಿದ ಕೈಯೇ ಎಲ್ಲ ಕುಲದವರ ಎಂಜಲು ತಟ್ಟೆಯನ್ನು ಎತ್ತಬೇಕಾಯಿತು. ಹೊಟ್ಟೆಪಾಡು ಕಲಿಸಿದ ಈ ಪಾಠವನ್ನು ಊರಿನಲ್ಲಿದ್ದ ಹಿರಿಯರು ಮೆಚ್ಚಿದರೆಂದು ಹೇಳಲಾಗದು. ಆದರೆ ಆ ಹುಡುಗರು ಕಳುಹಿಸಿದ ಹಣವನ್ನು ಮನೆಗಳು ಬೇಡವೆನ್ನುವಂತಿರಲಿಲ್ಲ. ಕಾಲಕ್ರಮದಲ್ಲಿ ಕರಾವಳಿಯ ಇತರ ಸಮಾಜದವರೂ ಹೋಟೆಲುಗಳನ್ನು ತೆರೆದು ಯಶಸ್ವಿಗಳಾದರು. ಉಡುಪಿ ಹೋಟೆಲು ಎಂಬ ಹೆಸರು ಕುಲದ ಗುರುತಾಗಿದ್ದುದು ಹೋಗಿ ಒಂದು ಬಗೆಯ ಅಡುಗೆಯ ಗುರುತಾಯಿತು.

ಬೆಂಗಳೂರಿನ ಊಟದ ಚರಿತ್ರೆಯೆಲ್ಲ ಇಡ್ಲಿ ದೋಸೆಗಳ ಚರಿತ್ರೆಯೆಂದು ಭಾವಿಸತಕ್ಕದ್ದಲ್ಲ. ಮಾಂಸಾಹಾರದ ಹೋಟೆಲುಗಳಿಗೆ ಮೈಸೂರು ಸೀಮೆಯಲ್ಲಿ ‘ಮಿಲಿಟರಿ ಹೋಟೆಲು’ ಎಂದು ಹೆಸರು. ಪೇಟೆಯ ಎಸ್. ಜಿ. ರಾವ್ ಮಿಲಿಟರಿ ಹೋಟೆಲು 1908ರಷ್ಟು ಹಳೆಯದೆಂದು ಪ್ರಸಿದ್ಧವಾಗಿದೆ. ರಾಗಿ ಮುದ್ದೆ, ಕೈಮ, ಕಾಲು ಸೂಪುಗಳನ್ನು ಬಡಿಸುವ ಈ ಮನೆಗಳಲ್ಲಿ ಅಡುಗೆಯವನ ಕುಲವನ್ನು ಯಾರೂ ಹಲಗೆಯ ಮೇಲೆ ಬರೆಯಿಸಲಿಲ್ಲ. ದಂಡಿನ ಕಡೆ ಬೇರೊಂದು ಲೋಕವೇ ಇತ್ತು. 1887ರ ವೆಸ್ಟ್ ಎಂಡ್ ಹೋಟೆಲು ಯೂರೋಪಿಯನ್ನರ ಬಿಡಾರ. 1940ರಲ್ಲಿ ಬೇಕರಿಯಾಗಿ ಆರಂಭವಾದ ಕೋಶೀಸ್ ಮುಂದೆ ಸೇಂಟ್ ಮಾರ್ಕ್ಸ್ ರಸ್ತೆಯಲ್ಲಿ ಪತ್ರಕರ್ತರೂ ಕಲಾವಿದರೂ ಗಂಟೆಗಟ್ಟಲೆ ಕುಳಿತು ಮಾತನಾಡುವ ಸ್ಥಳವಾಯಿತು. ಪೇಟೆ ಮತ್ತು ದಂಡು ಎಂಬ ಎರಡು ಊರುಗಳು 1949ರಲ್ಲಿ ಒಂದೇ ನಗರಸಭೆಯ ಆಡಳಿತಕ್ಕೆ ಬಂದವು. ಆದರೆ ಬಸವನಗುಡಿಯವನು ದಂಡಿನಲ್ಲಿ ಕುಳಿತು ಕಾಫಿ ಕುಡಿಯುವುದಕ್ಕೂ ದಂಡಿನವನು ಗಾಂಧಿ ಬಜಾರಿಗೆ ದೋಸೆ ತಿನ್ನಲು ಬರುವುದಕ್ಕೂ ಇನ್ನೂ ಕೆಲವು ಕಾಲ ಹಿಡಿಯಿತು. ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಹೊರಟಾಗ ಕೆಲಸ ಕಳೆದುಕೊಂಡವರು ಎ. ಕೆ. ಗೋಪಾಲನ್ ಅವರ ಮುಂದಾಳುತನದಲ್ಲಿ ಸಹಕಾರ ಸಂಘಗಳನ್ನು ಕಟ್ಟಿಕೊಂಡರು. ಅವುಗಳಲ್ಲಿ ಮೊದಲನೆಯದು 1957ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿಯೇ ಸ್ಥಾಪಿತವಾಯಿತು. ಬಡಿಸುವವನೇ ಒಡೆಯನಾದ ಆ ಕಾಫಿ ಹೌಸು ಮಹಾತ್ಮಾ ಗಾಂಧಿ ರಸ್ತೆಯಲ್ಲಿ ದಶಕಗಳ ಕಾಲ ನಡೆದು 2009ರಲ್ಲಿ ಚರ್ಚ್ ರಸ್ತೆಗೆ ಹೋಯಿತು.

ಇಷ್ಟೆಲ್ಲ ಬದಲಾವಣೆಯೂ ತಾನಾಗಿಯೇ ಆಯಿತೆಂದು ಹೇಳುವುದು ಸಲ್ಲದು. ಹಸಿವೂ ವ್ಯಾಪಾರವೂ ಸಡಿಲಿಸಿದ ಗಂಟನ್ನು ಕೊನೆಗೆ ಕಡಿದುದು ಕಾನೂನು. 1950ರ ಜನವರಿ 26ರಂದು ಜಾರಿಗೆ ಬಂದ ಭಾರತ ಸಂವಿಧಾನದ 15ನೆಯ ವಿಧಿಯು ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲುಗಳಿಗೆ ಜಾತಿಯ ಕಾರಣದಿಂದ ಯಾರಿಗೂ ಪ್ರವೇಶವನ್ನು ತಡೆಯಕೂಡದೆಂದು ವಿಧಿಸಿತು. ರಾಷ್ಟ್ರದ ಮೂಲಶಾಸನದಲ್ಲಿ ಹೋಟೆಲೆಂಬ ಮಾತನ್ನು ಬರೆಯಬೇಕಾಗಿ ಬಂದುದೇ ಆ ಬಾಗಿಲು ಅಲ್ಲಿಯವರೆಗೆ ಎಷ್ಟು ಜನಕ್ಕೆ ಮುಚ್ಚಿತ್ತೆಂಬುದಕ್ಕೆ ಸಾಕ್ಷಿ. 1955ರ ಅಸ್ಪೃಶ್ಯತಾ ಅಪರಾಧಗಳ ಅಧಿನಿಯಮವು ಹೀಗೆ ತಡೆಯುವುದನ್ನು ಶಿಕ್ಷಾರ್ಹ ಅಪರಾಧವನ್ನಾಗಿ ಮಾಡಿತು. ಹೆಂಗಸರ ವಿಷಯದಲ್ಲಿ ಅಂಥ ಕಾನೂನು ಬೇಕಾಗಲಿಲ್ಲವಾದರೂ ಸಂಕೋಚದ ಗೋಡೆ ಬಹುಕಾಲ ಉಳಿದಿತ್ತು. ಪರದೆ ಕಟ್ಟಿದ ಕೋಣೆ, ‘ಕುಟುಂಬದವರಿಗೆ’ ಎಂಬ ಹಲಗೆ ಇವುಗಳನ್ನು ದಾಟಿ ಅವರು ಹೊರಗಿನ ಮೇಜಿಗೆ ಬರುವಷ್ಟರಲ್ಲಿ ಒಂದು ತಲೆಮಾರು ಕಳೆಯಿತು.

ಜಾತಿಯ ಬಾಗಿಲು ತೆರೆದ ಮೇಲೆ ಬೆಲೆಯ ಬಾಗಿಲಿನ ಪ್ರಶ್ನೆ ಎದ್ದಿತು. 1975ರಲ್ಲಿ ತುರ್ತುಪರಿಸ್ಥಿತಿಯು ಘೋಷಿತವಾದ ಬಳಿಕ ಹೋಟೆಲಿನ ತಿಂಡಿಗಳಿಗೆ ಸರಕಾರವು ಅಗ್ಗದ ಬೆಲೆಯನ್ನು ಕಟ್ಟಿತು. ಬಡವನಿಗೂ ತಿಂಡಿ ದೊರೆಯಲಿ ಎಂಬ ಉದ್ದೇಶವನ್ನು ಯಾರೂ ಹಳಿಯಲಾರರು. ಆದರೆ ತುಪ್ಪ, ಬೇಳೆ, ಕಾಫಿ ಬೀಜಗಳ ಬೆಲೆ ಆ ಆಜ್ಞೆಯನ್ನು ಕೇಳಲಿಲ್ಲ. ಪದಾರ್ಥದ ಗುಣವನ್ನು ತಗ್ಗಿಸಲು ಒಪ್ಪದ ಮಾವಳ್ಳಿಯ ಹೋಟೆಲು ಪ್ರತಿದಿನದ ನಷ್ಟವನ್ನು ಹಲಗೆಯ ಮೇಲೆ ಬರೆದು ಬಾಗಿಲಿನಲ್ಲಿ ತೂಗುಹಾಕಿ ನಡೆದು, ಕೊನೆಗೆ ಮುಚ್ಚಿತು. ಕೆಲಸಗಾರರ ಅನ್ನಕ್ಕೆ ದಾರಿಯಾಗಲೆಂದು ಪಕ್ಕದಲ್ಲಿ ಅಂಗಡಿಯನ್ನು ತೆರೆದು ಹಿಟ್ಟು, ಪುಡಿಗಳನ್ನು ಮಾರತೊಡಗಿದರು. ಹಲವು ವರ್ಷಗಳ ಬಳಿಕ ಹೋಟೆಲಿನ ಬಾಗಿಲು ಮತ್ತೆ ತೆರೆಯಿತು. ಆದರೆ ಆಪತ್ತಿನಲ್ಲಿ ಬೆಳೆದ ಪುಡಿಗಳ ವ್ಯಾಪಾರವು ಹೋಟೆಲನ್ನೂ ಮೀರಿ ದೊಡ್ಡದಾಗಿ, 2007ರಲ್ಲಿ ನಾರ್ವೆ ದೇಶದ ಓರ್ಕ್ಲಾ ಸಂಸ್ಥೆಗೆ ಮಾರಾಟವಾಯಿತು. ಹೋಟೆಲು ಮಾತ್ರ ಮಯ್ಯ ಮನೆತನದಲ್ಲಿಯೇ ಉಳಿಯಿತು. ಗುಣವನ್ನೂ ಅಗ್ಗವನ್ನೂ ಒಟ್ಟಿಗೆ ಸಾಧಿಸುವುದು ಹೇಗೆಂಬ ಆ ಪ್ರಶ್ನೆಗೆ ಆಜ್ಞೆಯಿಂದ ಉತ್ತರ ದೊರೆಯಲಿಲ್ಲ.

ಒಂದು ಬಗೆಯ ಉತ್ತರವು 1983ರಲ್ಲಿ ಜಯನಗರದಲ್ಲಿ ತೆರೆದ ‘ಕೆಫೆ ದರ್ಶಿನಿ’ಯಿಂದ ಬಂದಿತು. ಕುರ್ಚಿಯಿಲ್ಲ, ಮಾಣಿಯಿಲ್ಲ, ಒಳಕೋಣೆಯಂತೂ ಇಲ್ಲವೇ ಇಲ್ಲ. ಕಾಸು ಕೊಟ್ಟು ಚೀಟಿ ಪಡೆದು, ಎದುರಿಗೇ ಕಾಣುವ ಒಲೆಯಿಂದ ತಿಂಡಿಯನ್ನು ತೆಗೆದುಕೊಂಡು, ಎತ್ತರದ ಮೇಜಿನ ಸುತ್ತ ನಿಂತು ತಿನ್ನುವ ಈ ಕ್ರಮವು ಕೆಲವೇ ವರ್ಷಗಳಲ್ಲಿ ಊರೆಲ್ಲ ಹರಡಿತು. ಕೂರುವ ಸ್ಥಳವೇ ಇಲ್ಲದ ಮೇಲೆ ಕೂರುವ ಸ್ಥಳದ ಭೇದವೆಲ್ಲಿಯದು? ನಿಂತು ಉಣ್ಣುವುದು ಅನಾಚಾರವೆಂದು ಹಿರಿಯರು ಗೊಣಗಿದರು. ಗೊಣಗುತ್ತಲೇ ತಾವೂ ಹೋಗಿ ನಿಂತರು. ಶಂಕರಪುರದಲ್ಲಿ 1965ರಲ್ಲಿ ಆರಂಭವಾದ ‘ಬ್ರಾಹ್ಮಿನ್ಸ್ ಕಾಫಿ ಬಾರ್’ ಇಂದಿಗೂ ಹಳೆಯ ಮಾದರಿಯ ಹೆಸರನ್ನೇ ಇಟ್ಟುಕೊಂಡಿದೆ. ಸಾಂಬಾರಿಲ್ಲದೆ ಚಟ್ನಿಯೊಡನೆ ಇಡ್ಲಿ ವಡೆಗಳನ್ನು ಕೊಡುವ ಆ ಚಿಕ್ಕ ಅಂಗಡಿಯ ಮುಂದೆ, ಬೀದಿಯ ಬದಿಯಲ್ಲಿ ತಟ್ಟೆ ಹಿಡಿದು ನಿಂತವರಲ್ಲಿ ಎಲ್ಲ ಕುಲದವರೂ ಎಲ್ಲ ಮತದವರೂ ಇರುತ್ತಾರೆ. ಹೆಸರಿನ ಕಡೆ ಅವರ ಗಮನವಿಲ್ಲ. ಚಟ್ನಿಯನ್ನು ಇನ್ನೊಂದು ಬಾರಿ ಹಾಕಿಸಿಕೊಳ್ಳುವುದರ ಕಡೆಗಿದೆ.

ಜಾತಿಭೇದವು ಹೋಟೆಲಿನಿಂದ ಅಳಿದುಹೋಯಿತೆಂದು ಹೇಳಿದರೆ ಅದು ಅತಿಶಯೋಕ್ತಿಯಾದೀತು. ಹೋಟೆಲಿನಲ್ಲಿ ಎಲ್ಲರೊಡನೆ ತಿಂದು ಬಂದವನು ತನ್ನ ಮನೆಯ ಹೊಸಿಲಿನಲ್ಲಿ ಹಳೆಯ ಪ್ರಶ್ನೆಗಳನ್ನೇ ಕೇಳುವುದುಂಟು. ಆದರೂ ಬೆಂಗಳೂರಿನ ಹೋಟೆಲುಗಳಲ್ಲಿ ‘ಬೈಟೂ ಕಾಫಿ’ ಎಂಬ ಒಂದು ಪದ್ಧತಿ ಇದೆ. ಇಬ್ಬರು ಬಂದು ಒಂದೇ ಕಾಫಿಯನ್ನು ಕೇಳಿದರೆ ಅದನ್ನು ಎರಡು ಲೋಟಗಳಿಗೆ ಸಮನಾಗಿ ಹೊಯ್ದು ಕೊಡುತ್ತಾರೆ. ಹಾಗೆ ಹಂಚಿಕೊಂಡು ಕುಡಿಯುವ ಇಬ್ಬರು ಗೆಳೆಯರು ಒಂದು ನೂರು ವರ್ಷಗಳ ಹಿಂದೆ ಅದೇ ಬೀದಿಯ ಒಂದೇ ಹೋಟೆಲಿಗೆ ಹೋಗಿದ್ದರೆ, ಒಬ್ಬನು ಒಳಕೋಣೆಯಲ್ಲಿಯೂ ಇನ್ನೊಬ್ಬನು ಅಂಗಳದಲ್ಲಿಯೋ ಬಾಗಿಲಿನ ಆಚೆಯಲ್ಲಿಯೋ ಇರಬೇಕಾಗುತ್ತಿತ್ತು.